ಇಡಿಗಂಟು

ನಮ್ಮ ಮನೆಯಲ್ಲಿ ದುಡ್ಡಿನ ಮಾತು ಎಲ್ಲಿಂದ ಶುರುವಾದರೂ ಮುಳುಗಡೆಗೆ ಬಂದೇ ನಿಲ್ಲುತ್ತಿತ್ತು. ಅಜ್ಜಯ್ಯನ ಮನೆ, ತೋಟ, ಗದ್ದೆ ಇದ್ದದ್ದು ಹೊಸನಗರ ತಾಲ್ಲೂಕಿನಲ್ಲಿ, ಶರಾವತಿಯ ದಂಡೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳ ಜೊತೆಗೆ ಅದೂ ನೀರಿನಡಿಗೆ ಹೋಯಿತು. ಪರಿಹಾರದ ದುಡ್ಡು ಇಡಿಗಂಟಾಗಿ ಬಂತು. ವರ್ಷಕ್ಕೊಮ್ಮೆ ಅಡಿಕೆ ಮಾರಿದಾಗ ಮಾತ್ರ ನೋಟಿನ ಕಟ್ಟು ಕಾಣುತ್ತಿದ್ದವರಿಗೆ ಅಷ್ಟು ದುಡ್ಡು ಒಮ್ಮೆಲೇ ಕೈಗೆ ಬಂದದ್ದು ಅದೇ ಮೊದಲು. ಹೊಸ ಜಾಗದಲ್ಲಿ ಅಡಿಕೆ ಸಸಿ ನೆಟ್ಟರೆ ಸರಿಯಾದ ಫಸಲು ಕಾಣಲು ಆರೇಳು ವರ್ಷ. ಅಲ್ಲಿಯತನಕ ಊಟ, ಬಟ್ಟೆ, ಕೂಲಿ, ಆಸ್ಪತ್ರೆ ಎಲ್ಲವೂ ಆ ಗಂಟಿನಿಂದಲೇ ನಡೆಯಬೇಕು. ಕೆಲವರ ಗಂಟು ಎರಡು ಮಳೆಗಾಲಕ್ಕೇ ಕರಗಿತು. ಅವರೇನೂ ದುಂದು ಮಾಡಿದವರಲ್ಲ. ಮನೆ ಕಟ್ಟಿದರು, ಮಗಳ ಮದುವೆ ಮಾಡಿದರು, ನೆಂಟರಿಗೆ ಕೈಗಡ ಕೊಟ್ಟರು. ಹಳೆಯ ಊರಿನಲ್ಲಾಗಿದ್ದರೆ ಇಷ್ಟೆಲ್ಲ ಮಾಡಿಯೂ ತಡೆದುಕೊಳ್ಳುತ್ತಿದ್ದರು. ಅಲ್ಲಿ ಅಂಗಡಿಯವನು ಕೊಯ್ಲು ಮುಗಿಯುವ ತನಕ ಉದ್ರಿ ಬರೆದುಕೊಳ್ಳುತ್ತಿದ್ದ, ಮಂಡಿಯವರು ಬರುವ ಫಸಲಿನ ಮೇಲೆ ಮುಂಗಡ ಕೊಡುತ್ತಿದ್ದರು. ಹೊಸ ಊರಿನಲ್ಲಿ ಇವರ ಮುಖ ಕಂಡವರೇ ಇರಲಿಲ್ಲ.

ಅಜ್ಜಯ್ಯ ಗಂಟಿನ ದೊಡ್ಡ ಪಾಲನ್ನು ಸಾಗರದ ಒಬ್ಬ ಮಂಡಿ ಸಾಹುಕಾರರ ಹತ್ತಿರ ಇಟ್ಟರಂತೆ. ತಿಂಗಳಿಗೆ ಇಷ್ಟು ಎಂದು ಮಾತಾಯಿತು. "ನಾನೇ ಬಂದು ಕಾಲು ಹಿಡಿದರೂ ಅದಕ್ಕಿಂತ ಹೆಚ್ಚು ಕೊಡಬ್ಯಾಡಿ" ಎಂದು ಅವರೇ ಹೇಳಿ ಬಂದರಂತೆ. ಆ ಸಾಹುಕಾರರು ಮುಳುಗಿದ್ದರೆ ಅಜ್ಜಯ್ಯ ಎರಡನೇ ಸಲ ಮುಳುಗುತ್ತಿದ್ದರು, ಅದು ಬೇರೆ ಮಾತು. ಮುಳುಗಲಿಲ್ಲ. ನಮ್ಮ ತೋಟ ಫಸಲಿಗೆ ಬರುವ ಹೊತ್ತಿಗೆ ಗಂಟಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು ಎಂಬುದು ನಮ್ಮ ಮನೆಯ ಹೆಮ್ಮೆ.

ಇದನ್ನೆಲ್ಲ ನಾನು ಚಿಕ್ಕಂದಿನಲ್ಲಿ ಆಕಳಿಸುತ್ತಾ ಕೇಳಿದ್ದೆ. ಪರದೇಶದಲ್ಲಿ ಬದುಕಲು ಇದಕ್ಕಿಂತ ಉಪಯೋಗದ ಪಾಠ ನನಗೆ ಬೇರೆ ಯಾರೂ ಹೇಳಲಿಲ್ಲ ಎಂದು ತಿಳಿಯಲು 2013 ಬರಬೇಕಾಯಿತು.

ಆ ವರ್ಷ ನನಗೆ ಜರ್ಮನಿಯ ಕೆಮ್ನಿಟ್ಸ್ ಎಂಬ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಸೀಟು ಸಿಕ್ಕಿತು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಇರಲಿಲ್ಲ, ಅದಕ್ಕೇ ನಮ್ಮಂಥವರು ಆ ಕಡೆ ನೋಡಿದ್ದು. ಆದರೆ ವೀಸಾ ಬೇಕೆಂದರೆ ಒಂದು ವರ್ಷದ ಹೊಟ್ಟೆಪಾಡಿನ ದುಡ್ಡನ್ನು ಮೊದಲೇ ಅಲ್ಲಿನ ಬ್ಯಾಂಕಿನಲ್ಲಿ ಕಟ್ಟಿಟ್ಟು ತೋರಿಸಬೇಕಿತ್ತು. ಆಗ ಅದು ಸುಮಾರು 8,000 ಯೂರೋ. ಆ ಖಾತೆಗೆ ಬೀಗ ಹಾಕಿರುತ್ತಾರೆ. ಹೋದ ಮೇಲೆ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಬಿಡುತ್ತಾರೆ, ಅತ್ತರೂ ಕರೆದರೂ ಅಷ್ಟೇ. ಅಪ್ಪಯ್ಯನಿಗೆ ಇದನ್ನು ವಿವರಿಸಲು ತಯಾರಾಗಿ ಕೂತಿದ್ದೆ. ಅರ್ಧಕ್ಕೇ ನಕ್ಕುಬಿಟ್ಟರು. "ಅಜ್ಜಯ್ಯನ ಮಂಡಿ ಲೆಕ್ಕ ಅಲ್ಲನ ಇದು? ಜರ್ಮನಿಯವ್ರಿಗೆ ಯಾರು ಹೇಳಿಕೊಟ್ರು ಮಾರಾಯ?"

ಸಾಲ ಬೇಕಿತ್ತು. ಆಗ ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೊಡಬೇಕಿತ್ತು. ತೋಟ ಇದೆಯಲ್ಲ ಎಂದು ಅಪ್ಪಯ್ಯ ಪಹಣಿ ಹಿಡಿದು ಸಾಗರದ ಬ್ಯಾಂಕಿಗೆ ಹೋದರೆ, ತೋಟ ಆಗುವುದಿಲ್ಲ ಎಂದರು. ಸಾಲ ತೀರದಿದ್ದರೆ ಆಸ್ತಿ ಹರಾಜು ಹಾಕಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿನ ಮೇಲೆ ನಡೆಯುವುದಿಲ್ಲ. ಹಾಗಾಗಿ ಎಕರೆಗಟ್ಟಲೆ ಅಡಿಕೆ ತೋಟಕ್ಕೆ ಇಲ್ಲದ ಮರ್ಯಾದೆ ಪೇಟೆಯ ಮೂವತ್ತು ನಲವತ್ತರ ಸೈಟಿಗೆ ಇದೆ. ಚಿಕ್ಕಪ್ಪ ಸಾಗರದಲ್ಲಿ ಒಂದು ಸೈಟು ತೆಗೆದಿಟ್ಟಿದ್ದರು. ಅದರ ಕಾಗದ ಬ್ಯಾಂಕಿಗೆ ಹೋಯಿತು. ಮಂಜೂರಾದದ್ದು ರೂಪಾಯಿಯಲ್ಲಿ, ಮೇ ತಿಂಗಳ ಲೆಕ್ಕದಲ್ಲಿ. ಆಗ ಯೂರೋಗೆ ಎಪ್ಪತ್ತೊಂದು ರೂಪಾಯಿ ಆಸುಪಾಸು.

ಆಮೇಲೆ ಆದದ್ದನ್ನು ನಮ್ಮ ಕಡೆಯ ಬೆಳೆಗಾರರು ಇನ್ನೂ ಮರೆತಿಲ್ಲ. ಮೇ ಕೊನೆಗೆ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಅಡಿಕೆಯ ಗತಿ ಏನು ಎಂದು ಮಂಡಿಯಲ್ಲಿ ಎಲ್ಲರಿಗೂ ದಿಗಿಲು. ಅದರ ಹಿಂದೆಯೇ ಆ ವರ್ಷದ ಮಳೆ. ಬೋರ್ಡೋ ದ್ರಾವಣ ಹೊಡೆಯಲು ಹೊಳವೇ ಸಿಗದೆ, ಹೊಡೆದದ್ದು ಅಡಿಕೆ ಗೊನೆಯ ಮೇಲೆ ನಿಲ್ಲದೆ, ತೋಟ ತೋಟಕ್ಕೇ ಕೊಳೆರೋಗ ಬಂತು. ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಕೊಂಡಿತ್ತು. ಇತ್ತ ಇದು ನಡೆಯುವಾಗ ಅತ್ತ ರೂಪಾಯಿ ಬೀಳುತ್ತಿತ್ತು. ಆಗಸ್ಟ್ 28ರಂದು ಡಾಲರು 68 ರೂಪಾಯಿ ದಾಟಿತು, ಯೂರೋ 90 ದಾಟಿತು. ಎಂಟು ಸಾವಿರ ಯೂರೋಗೆ ಇಪ್ಪತ್ತು ರೂಪಾಯಿಯಂತೆ ಹೆಚ್ಚಾದರೆ ಒಂದು ಲಕ್ಷದ ಅರವತ್ತು ಸಾವಿರ. ಯಾರೂ ಒಂದು ಪೈಸೆ ಖರ್ಚು ಮಾಡಿರಲಿಲ್ಲ, ನಾನಿನ್ನೂ ಹೊಸನಗರದ ಬಸ್ಸು ಸಹ ಹತ್ತಿರಲಿಲ್ಲ, ಅಷ್ಟು ದುಡ್ಡು ಹೋಗಿತ್ತು.

ಪರದೇಶದಲ್ಲಿ ದುಡ್ಡು ಖಾಲಿಯಾಗುವುದು ಅಂದರೆ ಹೋಟೆಲು, ಬಟ್ಟೆ, ತಿರುಗಾಟ ಎಂದು ಊರಿನವರು ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ ಅದು ಹೆಚ್ಚಾಗಿ ಹೀಗೇ ಆಗುವುದು, ಸಾಲ ಒಂದು ನಾಣ್ಯದಲ್ಲಿ, ಖರ್ಚು ಇನ್ನೊಂದು ನಾಣ್ಯದಲ್ಲಿ ಇದ್ದಾಗ. ಅಂದಾಜಿನ ಮೇಲೆ ಕಾಲುಭಾಗ ಹೆಚ್ಚಿಟ್ಟುಕೊಳ್ಳದೆ ಹೊರಡುವವನು ಮೇಲಿನ ಮಳೆಯನ್ನು ನಂಬಿ ಗದ್ದೆ ಒತ್ತುವವನ ಹಾಗೆ. ಸಾಲದ ಮೊತ್ತ ಹೆಚ್ಚಿಸಲು ಬ್ಯಾಂಕು ಒಪ್ಪಲಿಲ್ಲ. ಅಮ್ಮನ ಎರಡು ಬಳೆ, ಅಜ್ಜಿಯ ಅವಲಕ್ಕಿ ಸರ ಸೊಸೈಟಿಯ ಚಿನ್ನದ ಸಾಲಕ್ಕೆ ಹೋದವು.

ಹೊರಡುವ ಮೊದಲು ಅಮ್ಮನ ತವರಿಗೆ, ತೀರ್ಥಹಳ್ಳಿಗೆ, ಹೇಳಿಬರಲು ಹೋಗಿದ್ದೆ. ತೀರ್ಥಹಳ್ಳಿಯವರಿಗೆ ಪರದೇಶ ಹೊಸದಲ್ಲ. ಹತ್ತಿರದ ಮೇಳಿಗೆಯ ಯು.ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದವರು. ಅಂಥ ವೇತನದಲ್ಲಿ ಹೋಗಿಬರುವ ಖರ್ಚನ್ನೂ ಕೊಟ್ಟವರೇ ನೋಡಿಕೊಳ್ಳುತ್ತಾರೆ. ನಮ್ಮ ತಲೆಮಾರಿಗೆ ಅದರ ಜಾಗದಲ್ಲಿ ಬ್ಯಾಂಕ್ ಸಾಲ ಬಂತು, ವಾಪಸು ಬರುವ ಖರ್ಚು ಯಾರ ಲೆಕ್ಕದಲ್ಲೂ ಇಲ್ಲ. ಇದನ್ನು ನನಗೆ ಹೇಳಿದ್ದು ಪುಸ್ತಕ ಓದಿದವರಲ್ಲ, ಮಾವನ ಅಂಗಡಿಯ ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯ ಸಾಹೇಬರು. ಪೇಟೆಯಲ್ಲಿ ಎಲ್ಲರೂ ಅವರನ್ನು ಕುವೈತ್ ಸಾಹೇಬರು ಎಂದೇ ಕರೆಯುತ್ತಿದ್ದರು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಸಾಹೇಬರು ಅಲ್ಲಿ ಒಂದು ದರ್ಜಿ ಅಂಗಡಿಯಲ್ಲಿದ್ದರು. ಬ್ಯಾಂಕುಗಳು ಬಾಗಿಲು ಹಾಕಿದವು. ಕುವೈತಿ ದಿನಾರು ಇರಾಕಿ ದಿನಾರಿಗೆ ಸಮ ಎಂದು ಸಾರಿದರು, ಆಮೇಲೆ ಆ ನೋಟನ್ನೇ ರದ್ದು ಮಾಡಿದರು. ಪಾಸ್‌ಪುಸ್ತಕದಲ್ಲಿ ಸಾವಿರಗಟ್ಟಲೆ ಇದ್ದವರು ಖುಬೂಸ್ ರೊಟ್ಟಿಗೆ ಸಾಲಿನಲ್ಲಿ ನಿಂತರು. ಸಾಹೇಬರು ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದರು. ಹೀಗೆ ಆ ಎರಡು ತಿಂಗಳಲ್ಲಿ ಬಂದವರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಪೂರ್ತಿ ಬರಿಗೈಯಾದವರು ಮತ್ತು ಆಗದವರು ಎಂದು ಎರಡು ಗುಂಪು ಇತ್ತು, ಸಂಬಳ ಇದಕ್ಕೆ ಕಾರಣ ಅಲ್ಲ ಎನ್ನುತ್ತಿದ್ದರು ಸಾಹೇಬರು. ತಿಂಗಳು ತಿಂಗಳು ಊರಿಗೆ ಕಳಿಸಿದವರದ್ದು ಉಳಿಯಿತು, ಅಲ್ಲೇ ಕೂಡಿಟ್ಟು ಒಂದೇ ಸಲ ತರುತ್ತೇನೆ ಎಂದವರದ್ದು ಹೋಯಿತು. ವಿಶ್ವಸಂಸ್ಥೆಯ ಕಡೆಯಿಂದ ಪರಿಹಾರ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ಆ ದುಡ್ಡಿನಲ್ಲಿ ಅವರು ತೀರ್ಥಹಳ್ಳಿಯ ಹೊಲಿಗೆ ಅಂಗಡಿ ಹಾಕಿದ್ದು.

"ತಮ್ಮಾ, ವಾಪಸ್ ಟಿಕೆಟ್ಟಿನ ದುಡ್ಡು ನಿಂದಲ್ಲ" ಎಂದರು ಸಾಹೇಬರು, ಟೇಪು ಕುತ್ತಿಗೆಗೆ ಹಾಕಿಕೊಂಡೇ. "ಅದು ಬೇರೆ ಯಾರದ್ದೋ, ನಿನ್ನ ಹತ್ರ ಇಡಕ್ಕೆ ಕೊಟ್ಟಿದಾರೆ ಅಂತ ತಿಳ್ಕೋ. ಹಸಿವಾದ್ರೂ ಮುಟ್ಟಬೇಡ. ಮತ್ತೆ, ಎಲ್ಲಾ ಒಂದೇ ಬ್ಯಾಂಕಲ್ಲಿ ಇಡಬೇಡ." ಈಗ ನಮ್ಮ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದಿದೆ, 2009ರಿಂದ. ದಿಕ್ಕುಗೆಟ್ಟವರಿಗೆ ಊಟ, ವಸತಿ, ಕೊನೆಗೆ ಊರಿಗೆ ಟಿಕೆಟ್ಟು ಅದರಿಂದ ಸಿಗಬಹುದು. ಸಾಹೇಬರ ಕಾಲದಲ್ಲಿ ಅದಿರಲಿಲ್ಲ. ಇದ್ದರೂ, ಅದು ಕಾಲೇಜು ಓದಿಸುವ ನಿಧಿಯಲ್ಲ, ಕೊನೆಯ ಮೆಟ್ಟಿಲು.

ಕೆಮ್ನಿಟ್ಸ್ ಸುಂದರ ಊರೇನಲ್ಲ. ಪೂರ್ವ ಜರ್ಮನಿಯ ಕಾಲದಲ್ಲಿ, 1953ರಿಂದ 1990ರವರೆಗೆ, ಅದರ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಊರ ನಡುವೆ ಏಳು ಮೀಟರ್ ಎತ್ತರದ ಮಾರ್ಕ್ಸ್ ತಲೆ ಇದೆ, ಮೈಯಿಲ್ಲ, ಬರೀ ತಲೆ. ಬಂಡವಾಳದ ಮೇಲೆ ಅಷ್ಟು ಬರೆದ ಮನುಷ್ಯನ ಕೆಳಗೆ ಮೈನಸ್ ಐದು ಡಿಗ್ರಿಯಲ್ಲಿ ನಿಂತು ಜೇಬಿನ ಚಿಲ್ಲರೆ ಎಣಿಸಿದ ಭಾರತೀಯ ಹುಡುಗರು ನನ್ನ ಜೊತೆ ಬೇಕಾದಷ್ಟಿದ್ದರು.

ಮೊದಲ ತಿಂಗಳೇ ಎಲ್ಲಕ್ಕಿಂತ ಕಷ್ಟ. ಬೀಗದ ಖಾತೆಯಿಂದ ಬರುವುದು ಒಂದು ತಿಂಗಳ ಪಾಲು. ಹೋಗುವುದು ಕೋಣೆಯ ಬಾಡಿಗೆ, ಅದರ ಜೊತೆಗೆ ಮುಂಗಡ ಠೇವಣಿ, ಸೆಮಿಸ್ಟರಿನ ಕಾಣಿಕೆ, ಆರೋಗ್ಯ ವಿಮೆ, ಹಾಸಿಗೆ, ಪಾತ್ರೆ, ಚಳಿಯ ಕೋಟು. ಅಲ್ಲದೆ ಖಾತೆಯ ಬೀಗ ತೆಗೆಸಲು ವಾಸದ ನೋಂದಣಿ ಬೇಕು, ನೋಂದಣಿಗೆ ಬಾಡಿಗೆ ಕರಾರು ಬೇಕು, ಕರಾರಿಗೆ ದುಡ್ಡು ಬೇಕು. ಹಾಗಾಗಿ ಮೊದಲ ವಾರಗಳು ನಡೆಯುವುದು ಊರಿಂದ ಕೈಯಲ್ಲಿ ಒಯ್ದ ನಗದಿನ ಮೇಲೆ. ಅಮ್ಮನ ಬಳೆಯ ದುಡ್ಡು ಅಲ್ಲಿ ಕೆಲಸಕ್ಕೆ ಬಂತು. ಎಲ್ಲ ಮುಗಿಯಿತು ಅನ್ನುವಾಗ ಒಂದು ಲಕೋಟೆ ಬರುತ್ತದೆ. ಮನೆಯಲ್ಲಿ ಟೀವಿ, ರೇಡಿಯೋ ಇರಲಿ ಬಿಡಲಿ, ಪ್ರತಿ ಮನೆಗೂ ಪ್ರಸಾರ ಶುಲ್ಕ, ಆಗ ತಿಂಗಳಿಗೆ 17.98 ಯೂರೋ, ಮೂರು ತಿಂಗಳದ್ದು ಒಟ್ಟಿಗೆ. ಒಂದೇ ಮನೆಯಲ್ಲಿ ನಾಲ್ವರಿದ್ದರೆ ನಾಲ್ವರಿಗೂ ಸೇರಿ ಒಂದೇ ಶುಲ್ಕ ಎಂದು ತಿಳಿಯದೆ ಪ್ರತ್ಯೇಕ ಕಟ್ಟಿದವರಿದ್ದರು.

ಖರ್ಚನ್ನು ರೂಪಾಯಿಗೆ ಗುಣಿಸಬೇಡ ಎಂದು ಹಳಬರು ಹೇಳುತ್ತಿದ್ದರು. ನನಗೆ ಆ ಬುದ್ಧಿಮಾತು ಅರ್ಧ ಮಾತ್ರ ಸರಿ ಅನಿಸಿತು. ಬ್ರೆಡ್ಡನ್ನು ಗುಣಿಸಿದರೆ ಹಸಿದು ಸಾಯಬೇಕು. ಬಾಡಿಗೆ ಕರಾರನ್ನು ಮಾತ್ರ ಗುಣಿಸಲೇಬೇಕು, ಏಕೆಂದರೆ ಅದು ವರ್ಷವಿಡೀ ಹೋಗುವ ದುಡ್ಡು. ಅಕ್ಕಿ, ಬೇಳೆ, ಆಲೂಗಡ್ಡೆ, ಮೊಟ್ಟೆ ತಂದು ಮನೆಯಲ್ಲಿ ಬೇಯಿಸಿಕೊಂಡರೆ ಊಟದ ಖರ್ಚು ಅಂಥದ್ದೇನಲ್ಲ. ಒಬ್ಬೊಬ್ಬರು ಪ್ಲಾಸ್ಟಿಕ್ ಬಾಟಲಿ ಆಯ್ದು ಅಂಗಡಿಯ ಯಂತ್ರಕ್ಕೆ ಹಾಕುತ್ತಿದ್ದರು, ಬಾಟಲಿಗೆ 25 ಸೆಂಟು ವಾಪಸು. ಅದರಲ್ಲಿ ನಾಚಿಕೆಯ ಮಾತೇನಿಲ್ಲ, ಅಲ್ಲಿನ ಮುದುಕರೂ ಆಯುತ್ತಿದ್ದರು. ಆದರೆ ಊರಲ್ಲಿ ಕೊಟ್ಟಿಗೆ ಗುಡಿಸಲು ಆಳು ಇಟ್ಟುಕೊಂಡ ಮನೆಯಿಂದ ಬಂದ ಹುಡುಗನಿಗೆ ಆ ಯಂತ್ರದ ಮುಂದೆ ನಿಲ್ಲುವುದು ಹಸಿವಿಗಿಂತ ಕಷ್ಟ.

ಈ ಮರ್ಯಾದೆಯೇ ದೊಡ್ಡ ಅಪಾಯ. ನಮ್ಮ ಜೊತೆ ಕರ್ನಾಟಕದವನೇ ಒಬ್ಬನಿದ್ದ. ಮನೆಯಿಂದ ಬರಬೇಕಾದ ದುಡ್ಡು ತಡವಾಯಿತು, ಆಮೇಲೆ ನಿಂತಿತು. ಅವನು ಯಾರಿಗೂ ಹೇಳಲಿಲ್ಲ. ಊಟಕ್ಕೆ ಕರೆದರೆ ಈಗಷ್ಟೇ ಆಯಿತು ಎನ್ನುತ್ತಿದ್ದ. ಊರಿಗೆ ಫೋನ್ ಮಾಡಿದಾಗ ಎಲ್ಲ ಆರಾಮು. ಆರೋಗ್ಯ ವಿಮೆಯ ಕಂತು ಬಿತ್ತು, ಬಾಡಿಗೆ ಬಿತ್ತು, ಎಚ್ಚರಿಕೆಯ ಪತ್ರಗಳನ್ನು ಒಡೆಯದೇ ಮೇಜಿನ ಡ್ರಾಯರಿಗೆ ಹಾಕುತ್ತಿದ್ದ. ನಮಗೆ ಗೊತ್ತಾದಾಗ ಪತ್ರಗಳು ಒಂದು ಕಟ್ಟು ಇದ್ದವು. ವಿದ್ಯಾರ್ಥಿ ನಿಲಯ ನಡೆಸುವ ಸಂಸ್ಥೆಯಲ್ಲಿ ಇಂಥದ್ದಕ್ಕೆಂದೇ ಸಲಹೆಗಾರರಿದ್ದರು. ಚರ್ಚಿನ ವಿದ್ಯಾರ್ಥಿ ಬಳಗದಲ್ಲಿ ಕಷ್ಟದಲ್ಲಿರುವ ವಿದೇಶಿ ವಿದ್ಯಾರ್ಥಿಗಳಿಗೆ ಒಂದು ಸಹಾಯನಿಧಿ ಇತ್ತು, ಯಾವ ಧರ್ಮ ಎಂದು ಕೇಳುತ್ತಿರಲಿಲ್ಲ. ಬಾಡಿಗೆ ಬಾಕಿಯನ್ನು ಕಂತು ಮಾಡಿಕೊಟ್ಟರು. ಮೊದಲ ಪತ್ರ ಬಂದಾಗಲೇ ಹೋಗಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಕ್ಕೆ ಅವನ ಒಂದು ಸೆಮಿಸ್ಟರ್ ಹೋಯಿತು.

ಎರಡನೇ ವರ್ಷದ ವೀಸಾ ಎಂಬುದು ಇನ್ನೊಂದು ಕಂಟಕ. ವಿದೇಶಿಯರ ಕಚೇರಿಯಲ್ಲಿ ಮತ್ತೆ ಕೇಳುತ್ತಾರೆ, ಮುಂದಿನ ವರ್ಷದ ದುಡ್ಡೆಲ್ಲಿ? ಮೊದಲ ವರ್ಷದ್ದು ತಿಂದು ಮುಗಿದಿರುತ್ತದೆ. ಒಂದೇ ಗಂಟು ಐದಾರು ಹುಡುಗರ ಖಾತೆಯಲ್ಲಿ ಸುತ್ತು ಹೊಡೆದು, ಒಬ್ಬೊಬ್ಬರಿಗೂ ಒಂದೊಂದು ಬ್ಯಾಂಕ್ ಪತ್ರ ಕೊಡಿಸಿ ಮುಂದಕ್ಕೆ ಹೋಗುವ ಉಪಾಯ ಎಲ್ಲ ಊರಿನಲ್ಲೂ ಇತ್ತು. ನನಗೆ ಅದು ಎಂದೂ ಹಿಡಿಸಲಿಲ್ಲ. ಸುಳ್ಳು ಎಂಬ ಮಾತು ಹಾಗಿರಲಿ, ಸುತ್ತಿನಲ್ಲಿ ಒಬ್ಬನು ಗಂಟು ಹಿಡಿದಿಟ್ಟರೆ ಉಳಿದ ಐವರೂ ಒಟ್ಟಿಗೇ ಕೂರಬೇಕು. ಆಗಿನ ಕಾನೂನಿನಂತೆ ವಿದ್ಯಾರ್ಥಿ ವರ್ಷಕ್ಕೆ 120 ಪೂರ್ತಿ ದಿನ ಅಥವಾ 240 ಅರ್ಧ ದಿನ ದುಡಿಯಬಹುದಿತ್ತು. ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು, ರಜೆಯಲ್ಲಿ ಒಂದು ಗೋದಾಮಿನಲ್ಲಿ ಡಬ್ಬಿ ಜೋಡಿಸುವ ಕೆಲಸ. ಆ ಕೆಲಸದ ಕರಾರು ಪತ್ರ, ಸಂಬಳದ ಚೀಟಿಗಳು ಬೀಗದ ಖಾತೆಗಿಂತ ಹೆಚ್ಚು ತೂಕದ್ದಾದವು. ಯೂರೋದಲ್ಲಿ ಖರ್ಚು, ಯೂರೋದಲ್ಲೇ ಸಂಪಾದನೆ. ಅಂದಿನಿಂದ ರೂಪಾಯಿ ಬಿದ್ದ ಸುದ್ದಿ ಓದಿದರೆ ಎದೆ ಹೊಡೆದುಕೊಳ್ಳುವುದು ನಿಂತಿತು.

ಅಪ್ಪಯ್ಯ ಮಾತ್ರ ಆ ಹೊತ್ತಿಗೆ ಯೂರೋ ವ್ಯಾಪಾರದಲ್ಲಿ ಪಳಗಿದ್ದರು. ವಾರದ ಫೋನಿನಲ್ಲಿ ಮೊದಲು ರಾಶಿ ಇಡಿ ಅಡಿಕೆಯ ದರ, ಆಮೇಲೆ ಯೂರೋ ದರ, ಆಮೇಲೆ ನನ್ನ ಆರೋಗ್ಯ. 2014ರಲ್ಲಿ ಕೆಂಪಡಿಕೆ ಅದುವರೆಗೆ ಯಾರೂ ಕಂಡಿರದ ದರಕ್ಕೆ ಏರಿತು. ಗುಟ್ಕಾ ನಿಷೇಧದ ವರ್ಷ ಹೆದರಿ ಮಾರಿದವರು ಕೈ ಹಿಸುಕಿಕೊಂಡರು. ಕೊಳೆಯಲ್ಲಿ ಅರ್ಧ ಬೆಳೆ ಹೋಗಿದ್ದರೂ ಉಳಿದದ್ದನ್ನು ಅಟ್ಟದ ಮೇಲೆ ಇಟ್ಟಿದ್ದ ಅಪ್ಪಯ್ಯ ಚಿನ್ನದ ಸಾಲ ತೀರಿಸಿ ಅಮ್ಮನ ಬಳೆ ಬಿಡಿಸಿ ತಂದರು. 2015ರ ಮಾರ್ಚ್ ಹೊತ್ತಿಗೆ ಯೂರೋ 70 ರೂಪಾಯಿಗಿಂತ ಕೆಳಗೆ ಇಳಿಯಿತು. "ಈಗ ಎಷ್ಟು ಬೇಕಾರೂ ಕಳಿಸ್ತೆ, ಬೇಕನ?" ಎಂದು ಕೇಳಿದರು. ಆಗ ನನಗೆ ಬೇಕಿರಲಿಲ್ಲ. ಬೇಕಾದಾಗ ಅಡಿಕೆಯೂ ಇರಲಿಲ್ಲ, ಯೂರೋವೂ ಕೈಗೆಟುಕುತ್ತಿರಲಿಲ್ಲ. ನಮ್ಮ ಸೀಮೆಯ ಅದೃಷ್ಟ ಯಾವಾಗಲೂ ಒಂದು ವರ್ಷ ತಡವಾಗಿ ಬರುತ್ತದೆ, ಅಲ್ಲಿಯತನಕ ತಡೆಯುವವರಿಗೆ ಮಾತ್ರ.

ಕೊರೊನಾ ಬಂದಾಗ ನಾನು ವಾಪಸು ಬಂದಾಗಿತ್ತು. ಸಾಗರದ ನಮ್ಮ ನೆಂಟರ ಹುಡುಗಿಯೊಬ್ಬಳು ಜರ್ಮನಿಯಲ್ಲೇ ಓದುತ್ತಿದ್ದಳು. ಹೋಟೆಲಿನಲ್ಲಿ ಮಾಡುತ್ತಿದ್ದ ಕೆಲಸ ಹೋಯಿತು, ವಿಮಾನಗಳಿಲ್ಲ, ಇಲ್ಲಿ ಸಂತೆ ಮಂಡಿ ಬಂದ್. ಪರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಿಂದ ಶುರುವಾದವು, ಅವಳು ಬರಲು ಒಪ್ಪಲಿಲ್ಲ, ಪರೀಕ್ಷೆ ಬಾಕಿ ಇತ್ತು. ಆ ಜೂನ್‌ನಿಂದ ಜರ್ಮನ್ ಸರ್ಕಾರ ಕೈ ಬರಿದಾದ ವಿದ್ಯಾರ್ಥಿಗಳಿಗೆ, ವಿದೇಶಿಯರೂ ಸೇರಿ, ತಿಂಗಳಿಗೆ 500 ಯೂರೋವರೆಗೆ ಕೊಟ್ಟಿತು. ಖಾತೆಯಲ್ಲಿ ಎಷ್ಟು ಕಡಿಮೆಯೋ ಕೊಡುವುದು ಅಷ್ಟು ಹೆಚ್ಚು. ಕೇಳಬಹುದಾ, ಆಮೇಲೆ ವೀಸಾಕ್ಕೆ ತೊಂದರೆ ಆಗುತ್ತದಾ ಎಂದು ಅವಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಅಪ್ಪನಿಗೆ ಹೇಳಿಲ್ಲ ಎಂದಳು. ಮೊದಲು ಅಪ್ಪನಿಗೆ ಹೇಳು, ಆಮೇಲೆ ವಿಶ್ವವಿದ್ಯಾಲಯದ ಸಲಹೆಗಾರರನ್ನು ಕೇಳಿ ಅರ್ಜಿ ಹಾಕು ಎಂದೆ. ಎರಡೂ ಮಾಡಿದಳು. ಅಪ್ಪ ಬೈಯಲಿಲ್ಲವಂತೆ, ಅಡಿಕೆ ಬೆಲೆ ಸರಿಯಿದ್ದ ಕಾರಣವೋ ಏನೋ.

ಈಗ ದೊಡ್ಡಪ್ಪನ ಮೊಮ್ಮಗ ಜರ್ಮನಿಗೆ ಹೊರಟಿದ್ದಾನೆ. ಬೀಗದ ಖಾತೆಗೆ 2024ರ ಸೆಪ್ಟೆಂಬರಿನಿಂದ 11,904 ಯೂರೋ, ತಿಂಗಳಿಗೆ 992. ದುಡಿಯಲು ಈಗ ವರ್ಷಕ್ಕೆ 140 ಪೂರ್ತಿ ದಿನ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ 2025ರ ಏಪ್ರಿಲ್‌ನಿಂದ ತೆರಿಗೆ ಮುರಿದುಕೊಳ್ಳುವುದಿಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ ಹತ್ತು ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ ಒಂದಿಷ್ಟು ತೆರಿಗೆ ಹಿಡಿದು, ಲೆಕ್ಕ ಸಲ್ಲಿಸಿದಾಗ ಹೊಂದಿಸಿಕೊಡುತ್ತಾರೆ. ಹಿಡಿದ ದುಡ್ಡು ಬೇಕಾದ ಹೊತ್ತಿಗೆ ಕೈಯಲ್ಲಿರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹುಡುಗನ ಅಪ್ಪ, ಅಂದರೆ ಅಣ್ಣನ ಮನೆಗೆ ಹೋಗಿ ಹೇಳಿದೆ. ಮೂರು ತಿಂಗಳ ಖರ್ಚು ಬೇರೆ ಬ್ಯಾಂಕಿನಲ್ಲಿ, ವಾಪಸು ಟಿಕೆಟ್ಟಿನದ್ದು ಅದರಿಂದಲೂ ಬೇರೆ, ಕೈಯಲ್ಲಿ ಮೊದಲ ತಿಂಗಳ ನಗದು. ಹುಡುಗ ಫೋನಿನಲ್ಲಿ ಗೀಚಿಕೊಂಡ. ಅಣ್ಣ ಕೇಳಿದ್ದು ಒಂದೇ, ಇರುವ ಅಡಿಕೆ ಪೂರ್ತಿ ಮಾರಿ ಒಂದೇ ಸಲ ಕಳಿಸಿ ಕೈ ತೊಳೆದುಕೊಂಡರೆ ಆಗುವುದಿಲ್ಲವಾ.

ಅತ್ತಿಗೆ ಅಲ್ಲಿಯತನಕ ಒಂದು ಮಾತೂ ಆಡದೆ ಅವಲಕ್ಕಿ ಕಲಸುತ್ತಿದ್ದರು. "ಅಲ್ಲಿ ಅಂಗಡಿಯವ್ರು ಯಾರಾರೂ ಉದ್ರಿ ಕೊಡ್ತಾರನ?" ಎಂದರು ನನ್ನ ಕಡೆ ತಿರುಗಿ.

"ಇಲ್ಲ ಅತ್ತಿಗೆ. ಒಂದು ಸೆಂಟು ಕಡಿಮೆ ಇದ್ರೂ ಸಾಮಾನು ವಾಪಸ್ ಇಟ್ಟು ಬರ್ಬೇಕು."

"ಹಂಗಾರೆ ಬೆಟ್ಟೆ ಅಡಿಕೆ ನಾಲ್ಕು ಮೂಟೆ ಮಾರೂದು ಬ್ಯಾಡ" ಎಂದು ಅವರು ಅಣ್ಣನಿಗೆ ಹೇಳಿ ತಟ್ಟೆ ಹಾಕಲು ಎದ್ದರು. ಅಣ್ಣ ಎರಡು ಮೂಟೆ ಸಾಕು ಎಂದ. ಊಟ ಮುಗಿಯುವ ತನಕ ಇಬ್ಬರೂ ಚೌಕಾಸಿ ಮಾಡಿ ಮೂರಕ್ಕೆ ಬಂದರು.